ಒಲೆಯಿಲ್ಲದ ಮಠದ ಸೋಮವಾರಗಳು

ನಮ್ಮ ಮಠದಲ್ಲಿ ಒಲೆ ಇರಲಿಲ್ಲ. ಮದುವೆಯಾಗಿ ನರಗುಂದಕ್ಕೆ ಬಂದ ಹೊಸದರಲ್ಲಿ ಇದನ್ನು ಕೇಳಿ, ಬಡ ಮಠವಿರಬೇಕು, ಅಡುಗೆಮನೆ ಕಟ್ಟಿಸಲು ಅನುಕೂಲವಾಗಿಲ್ಲ ಎಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿಸಿದವರು ನನ್ನ ಅತ್ತೆ. ಅವರು ರೊಟ್ಟಿ ಬಡಿಯುತ್ತ ಮಾತಾಡುವವರು. ಕೈ ನಿಂತರೆ ಮಾತೂ ನಿಲ್ಲುತ್ತಿತ್ತು. ಆ ಮಠದ ಹುಟ್ಟಿನ ಕಥೆಯನ್ನು ನಾನು ಕೇಳಿದ್ದು ಹೀಗೆ, ರೊಟ್ಟಿಯ ಸಪ್ಪಳದ ನಡುವೆ, ತುಂಡು ತುಂಡಾಗಿ.

ಮಠ ಕಟ್ಟಿದವರನ್ನು ಎಲ್ಲರೂ ಹಿರಿ ಅಜ್ಜಾರು ಎನ್ನುತ್ತಿದ್ದರು. ಗಜೇಂದ್ರಗಡದ ಕಡೆಯ ನೇಕಾರರ ಮನೆಯವರು. ಚಿಕ್ಕಂದಿನಿಂದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರಿಂದಲೋ ಏನೋ, ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗಿರುತ್ತಿದ್ದರಂತೆ. ಕೆಲವು ಕಾಲ ರೋಣದಲ್ಲಿ ಒಂದು ಗುಡಿಯ ಕಟ್ಟೆಯ ಮೇಲಿದ್ದರು. ಅಲ್ಲಿಂದ ನಡೆದುಕೊಂಡು ಬಂದು ಚಿಕ್ಕನರಗುಂದದ ದಾರಿಯಲ್ಲಿ ನಮ್ಮ ಮನೆತನದ ಹೊಲದ ಬದುವಿನ ಮೇಲೆ, ಬೇವಿನ ಗಿಡದ ಕೆಳಗೆ ಕೂತರು. ದೊಡ್ಡ ಬೋಧನೆಯೇನೂ ಮಾಡಲಿಲ್ಲ. ಕೇಳಿದವರಿಗೆ ಎರಡು ಮಾತು ಹೇಳುತ್ತಿದ್ದರು, ಕೇಳದವರ ಜೊತೆ ಸುಮ್ಮನೆ ಕೂಡುತ್ತಿದ್ದರು. ಸೋಮವಾರ ಸೋಮವಾರ ಜನ ಸೇರತೊಡಗಿದರು. ತಗಡಿನ ಚಪ್ಪರವಾಯಿತು, ಆಮೇಲೆ ಕಲ್ಲಿನ ಕೋಣೆಯಾಯಿತು. ನಮ್ಮ ಮಾವನವರ ತಂದೆ ಹೊಲದ ಆ ಮೂಲೆಯನ್ನು ಬಿಟ್ಟುಕೊಟ್ಟರು. ಬಂದವರಿಗೆ ಉಣ್ಣಲು ಏನಾದರೂ ಬೇಕಲ್ಲ ಎಂದು ಅಡುಗೆಮನೆಯ ಮಾತು ತೆಗೆದಾಗ ಅಜ್ಜ ಬೇಡ ಎಂದರಂತೆ.

"ಇಲ್ಲಿ ಒಲಿ ಹೂಡಬ್ಯಾಡ್ರಿ. ಒಲಿ ಹೂಡಿದ್ರ ಇದೂ ಒಂದ್ ಮನಿ ಆಗ್ತೈತಿ. ಊರಾಗಿನ ಒಲಿ ಎಲ್ಲಾ ನಮ್ಮವ ಅದಾವಲ್ಲ."

ಅಂದಿನಿಂದ ಅಜ್ಜ ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದರು. ಸಾವಕಾರರ ಮನೆ, ಪಿಂಜಾರರ ಮನೆ, ಕೇರಿಯ ಮನೆ, ಯಾವ ಬಾಗಿಲನ್ನೂ ಬಿಡಲಿಲ್ಲ. ಬಂದ ರೊಟ್ಟಿಯನ್ನೆಲ್ಲ ಕಟ್ಟಿಗೆಯ ಒಂದು ದೊಡ್ಡ ಮರಿಗೆಗೆ ಸುರಿದು, ಕಣ್ಣು ಮುಚ್ಚಿಕೊಂಡು ಮುರಿಯುತ್ತಿದ್ದರು. ಯಾವ ರೊಟ್ಟಿ ಯಾರ ಮನೆಯದೆಂದು ತಮಗೂ ತಿಳಿಯಬಾರದು ಎಂದು. ಅದಕ್ಕೆ ಮಜ್ಜಿಗೆ, ಉಪ್ಪು, ಜಜ್ಜಿದ ಹಸಿ ಮೆಣಸಿನಕಾಯಿ ಹಾಕಿ ಕಲಸಿ ಎಲ್ಲರಿಗೂ ಒಂದೊಂದು ಹಿಡಿ ಕೊಡುವುದು. ಅದಕ್ಕೆ ಬೇರೆ ಹೆಸರೇ ಇಲ್ಲ. 'ಕಲಸಿದ್ದು' ಎನ್ನುತ್ತಿದ್ದರು, ಅಷ್ಟೆ. ದೀಕ್ಷೆ, ಮಂತ್ರ, ಮಾಲೆ ಯಾವುದೂ ಇರಲಿಲ್ಲ. ಕಲಸಿದ್ದನ್ನು ಉಂಡವರೆಲ್ಲ ಮಠದವರು.

ಅತ್ತೆ ಮದುವೆಯಾಗಿ ಬಂದ ವರ್ಷ ಅದನ್ನು ಉಣ್ಣಲು ಒಲ್ಲೆ ಎಂದಿದ್ದರಂತೆ.

"ಯಾರ್ಯಾರ ಮನೀದೋ ಏನೋ, ನನಗ ಹೇಸಿಕಿ ಬಂತು ತಂಗಿ," ಎಂದು ಹೇಳಿ ತಾವೇ ನಗುತ್ತಿದ್ದರು. "ತವರಮನ್ಯಾಗ ಭಾಳ ಮಡಿ ಮಾಡಿ ಬೆಳಸಿದ್ರು ನೋಡು. ಅಜ್ಜಾರು ಸಿಟ್ಟಾಗ್ಲಿಲ್ಲ. ಹಸಿವಾದಾಗ ಬಾರವಾ ಅಂದ್ರು. ನಾನೂ ಹಟಮಾರಿ. ಹೊತ್ತು ಮುಳುಗೂತನಕ ಕುಂತೆ. ಅವರೂ ಉಣ್ಣಲಾರದ ಕುಂತ್ರು. ಕಡೀಕ ನಾನ ಹೋಗಿ ಕೈ ಒಡ್ಡಿದೆ."

"ಹ್ಯಾಂಗಿತ್ತು ಅತ್ತಿ?"

"ಹ್ಯಾಂಗಿರ್ತೈತಿ? ರೊಟ್ಟಿ, ಮಜ್ಜಿಗಿ. ಹಸಿದಾಕಿಗೆ ಅಮೃತ."

ಅಜ್ಜ ಆ ಹಿಡಿಯನ್ನು ಅವರ ಅಂಗೈಯಲ್ಲಿಟ್ಟು, "ಇದನ್ನ ಬಿಡಬ್ಯಾಡವಾ" ಎಂದರಂತೆ. ಅತ್ತೆ ಅದನ್ನು ಗುರುವಿನ ಮಾತೆಂದು ಹಿಡಿದರು. ಸೋಮವಾರ ಕಲಸಿದ್ದು ಬಾಯಿಗೆ ಬೀಳುವತನಕ ಬೇರೆ ಅನ್ನ ಮುಟ್ಟುವುದಿಲ್ಲ ಎಂದು ಅವರ ಮುಂದೆಯೇ ವ್ರತ ಮಾಡಿದರು. ಮಕ್ಕಳನ್ನು ಹೆತ್ತಾಗಲೂ ಯಾರೋ ಒಬ್ಬರು ಮಠದಿಂದ ಎಲೆಯಲ್ಲಿ ಕಟ್ಟಿ ತಂದುಕೊಡುತ್ತಿದ್ದರು.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಚಾಪೆಲ್‌ನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು, ಪಾದ್ರಿಗಳು ಬಿಳಿ ಬಿಲ್ಲೆಯಂಥ ರೊಟ್ಟಿಯನ್ನು ಒಬ್ಬೊಬ್ಬರ ನಾಲಿಗೆಯ ಮೇಲೆ ಇಡುವುದನ್ನು ನೋಡಿದ್ದೆ. ನಮಗೆ ಕೊಡುತ್ತಿರಲಿಲ್ಲ, ನಾವು ನೋಡುವವರು ಮಾತ್ರ. ಮೊದಲ ಸೋಮವಾರ ಅತ್ತೆಯ ಜೊತೆ ಮಠಕ್ಕೆ ಹೋದಾಗ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೈ ಒಡ್ಡಿದೆ, ಹಾಕಿದರು. ಒಂದು ತುಂಡಿನ ಮೇಲೆ ಎಳ್ಳಿತ್ತು. ಇನ್ನೊಂದು ಸೀದು ಕಪ್ಪಾಗಿತ್ತು. ಮತ್ತೊಂದರ ಅಂಚಿನಲ್ಲಿ ರೊಟ್ಟಿ ಬಡಿದವಳ ಬೆರಳಿನ ಗುರುತು ಹಾಗೆಯೇ ಉಳಿದಿತ್ತು. ಆ ಗುರುತನ್ನು ನೋಡುತ್ತ ಉಣ್ಣುವುದನ್ನೇ ಮರೆತು ಕೂತಿದ್ದೆ.

ಹಿರಿ ಅಜ್ಜಾರು ಲಿಂಗೈಕ್ಯರಾಗಿ, ಆಗ ಎರಡನೆಯ ಅಜ್ಜಾರ ಕಾಲ. ರೋಣದ ಕಡೆಯ ರೈತರ ಮಗ. ಮಾತು ಹಿರಿ ಅಜ್ಜಾರಿಗಿಂತಲೂ ಕಡಿಮೆ. ಮೊಣಕಾಲು ಹೋಗುವತನಕ ಜೋಳಿಗೆ ಹೊತ್ತರು. ಆಮೇಲೆ ಮಠದ ಸೇವಕರು ಸೈಕಲ್ ಮೇಲೆ, ಮುಂದೆ ಮೋಟಾರ್ ಸೈಕಲ್ ಮೇಲೆ ರೊಟ್ಟಿ ಕೂಡಿಸಿಕೊಂಡು ಬರುತ್ತಿದ್ದರು. ಅವರ ಕಾಲದಲ್ಲೇ ಸುತ್ತಲಿನ ಹಳ್ಳಿಗಳ ಬಡ ಹುಡುಗರಿಗೆ ಪುಕ್ಕಟೆ ವಸತಿ ಶುರುವಾಯಿತು. ಹುಡುಗರು ಹೆಚ್ಚಾದರು. ರೊಟ್ಟಿ ಹೆಚ್ಚಾಗಲಿಲ್ಲ.

ಬರುವ ರೊಟ್ಟಿಯೂ ಬದಲಾದದ್ದನ್ನು ಮೊದಲು ಗುರುತಿಸಿದ್ದು ನಾನು ಕಣ್ಣಿನಿಂದ, ಅತ್ತೆ ನಾಲಿಗೆಯಿಂದ. ಮರಿಗೆಯಲ್ಲಿಯ ತುಂಡುಗಳು ಬರಬರುತ್ತ ಒಂದೇ ತೆಳುವು, ಒಂದೇ ಬಿಳುಪು, ಅಂಚು ಎಲ್ಲ ಕಡೆ ಒಂದೇ ದುಂಡು. ಊರಿನಲ್ಲಿ ರೊಟ್ಟಿ ಮಾರುವ ಮನೆಗಳಾಗಿದ್ದವು. ಹೆಂಗಸರು ನೌಕರಿಗೆ ಹೋಗುತ್ತಾರೆ, ಜೋಳದ ಹಿಟ್ಟು ಕಲಸಲು ಎಲ್ಲರಿಗೂ ಕೈ ಬಾರದು. ಸೋಮವಾರ ಮಠದವರು ಬರುತ್ತಾರೆಂದು ಭಾನುವಾರ ಸಂಜೆಯೇ ಅಂಗಡಿಯಿಂದ ಖಡಕ್ ರೊಟ್ಟಿಯ ಕಟ್ಟು ತಂದಿಡುತ್ತಿದ್ದರು. ತಪ್ಪೆಂದು ಯಾರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ಅತ್ತೆ ಮಾತ್ರ ಬಾಯಿಗೆ ಹಾಕಿಕೊಂಡು ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಆಮೇಲೆ ನುಂಗುತ್ತಿದ್ದರು.

ಎರಡನೆಯ ಅಜ್ಜ ಲಿಂಗೈಕ್ಯರಾದ ಮೇಲೆ ಗಾದಿಗೆ ಬಂದವರು ಈಗಿನ ಅಪ್ಪಾರು. ವಯಸ್ಸಿನಲ್ಲಿ ಚಿಕ್ಕವರು, ಓದಿದವರು, ಮಾತು ಮೃದು. ವಸತಿಯ ಹುಡುಗರ ತಟ್ಟೆಯನ್ನು ತಾವೇ ಹೋಗಿ ನೋಡುವವರು. ಬಂದ ಮರುವರ್ಷವೇ ಅಡುಗೆಮನೆ ಕಟ್ಟಿಸಲು ಹಿಡಿದರು. ಊರಿಗೆ ಸಂತೋಷವಾಯಿತು. ಸ್ಟೀಲಿನ ದೊಡ್ಡ ಪಾತ್ರೆಗಳು, ಅನ್ನ ಬೇಯಿಸುವ ಹಬೆಯ ಯಂತ್ರ, ಗ್ಯಾಸಿನ ಒಲೆಗಳು ಬಂದವು. ಅತ್ತೆ ಮಾತ್ರ ಕಟ್ಟಡದ ಪಕ್ಕ ಹಾದು ಹೋಗುವಾಗ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಮಠದ ಹಿರಿಯರಿಬ್ಬರು ಹೂವಿನ ಹಾರ, ಹಣ್ಣು ಹಿಡಿದುಕೊಂಡು ಮನೆಗೆ ಬಂದರು.

"ಅವ್ವಾರ, ಅಪ್ಪಾರ ಅಪ್ಪಣಿ ಆಗೈತ್ರಿ. ಹಿರಿ ಅಜ್ಜಾರ ಕೈಲೆ ಉಂಡವ್ರಾಗ ಉಳದವ್ರು ಊರಾಗ ನೀವೊಬ್ಬರ. ಹೊಸ ಅಡಗಿಮನ್ಯಾಗ ಮೊದಲನೇ ಒಲಿ ನಿಮ್ಮ ಕೈಲೇ ಹಚ್ಚಬೇಕಂತ."

ಅತ್ತೆ ಅವರ ಮುಖವನ್ನೇ ನೋಡಿದರು. ನನ್ನ ಗಂಡ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸುವವರು. ಆಗಷ್ಟೇ ಊಟಕ್ಕೆ ಬಂದಿದ್ದರು. ಅವರ ಮುಖ ಅರಳಿತು. "ಅವ್ವಾ, ಎಂಥಾ ಭಾಗ್ಯ! ಮುಂದಿನ ಸಾಲಿನ್ಯಾಗ ಕುಂದ್ರು ಅಂದ್ರ ಕಂಬದ ಹಿಂದ ಕುಂದರತಿದ್ದಿ. ಈಗ ಸ್ಟೇಜಿನ ಮ್ಯಾಲ ಕರದಾರ!"

"ನಾ ಏನ್ ನಾಟಕ ಮಾಡಾಕಿ ಏನೋ," ಎಂದರು ಅತ್ತೆ. ಬಂದವರು ನಕ್ಕರು. ಅದು ಹೆಂಗಸರ ಸಂಕೋಚ ಎಂದುಕೊಂಡರು.

ಅವರು ಹೋದ ಮೇಲೆ ನಾನು ಕೇಳಿದೆ. "ಆಗೂದಿಲ್ಲ ಅಂತ ಹೇಳ್ಬಹುದಿತ್ತಲ್ಲ ಅತ್ತಿ?"

"ಗುರುವಿನ ಅಪ್ಪಣಿಗೆ ಆಗೂದಿಲ್ಲ ಅನ್ನೂದು ಹ್ಯಾಂಗ?"

"ಹಿರಿ ಅಜ್ಜಾರು ಒಲಿ ಬ್ಯಾಡ ಅಂದಿದ್ರಲ್ಲ?"

"ಅವರೂ ಗುರು, ಇವರೂ ಗುರು," ಎಂದರು. ಹಾರವನ್ನು ಎತ್ತಿ ದೇವರ ಕೋಣೆಯ ಗೂಟಕ್ಕೆ ಹಾಕಿದರು. "ನನ್ನ ಕೇಳಬ್ಯಾಡ ತಂಗಿ. ನನಗ ತಿಳೀವಲ್ತು."

ಮಠದವರ ಮನಸ್ಸಿನಲ್ಲಿ ಗೌರವದ ಹೊರತು ಬೇರೇನೂ ಇರಲಿಲ್ಲ. ಅಪ್ಪಾರಿಗೆ ವ್ರತದ ವಿಷಯ ಗೊತ್ತೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಮೊದಲಿನವರ ಕೈಯಿಂದ ಹೊಸದು ಶುರುವಾಗಲಿ ಎಂಬುದು ನಮ್ಮ ಕಡೆಯ ಪದ್ಧತಿ. ಬಾವಿ ತೋಡುವಾಗ, ಅಂಗಡಿ ತೆಗೆಯುವಾಗ ಹಿರಿಯರ ಕೈ ಹಚ್ಚಿಸುತ್ತಾರೆ. ಹಾಗೆಯೇ ಇದೂ ಎಂದುಕೊಂಡರು.

ಒಲೆ ಹಚ್ಚುವ ದಿನ ಮೈಕಿನಲ್ಲಿ ಅತ್ತೆಯ ಬಗ್ಗೆ ಬಹಳ ಮಾತಾಡಿದರು. ಶಾಲು ಹೊದಿಸಿದರು, ಅದರ ಬೆಲೆಯ ಚೀಟಿ ಹಾಗೇ ಉಳಿದು ಅವರ ಕುತ್ತಿಗೆಗೆ ಚುಚ್ಚುತ್ತಿತ್ತು. ಕೈಗೆ ಲೈಟರ್ ಕೊಟ್ಟರು. ಮನೆಯಲ್ಲಿ ದಿನಾ ಹಿಡಿಯುವ ವಸ್ತುವೇ. ಆದರೂ ಅಂದು ಟಿಕ್ ಟಿಕ್ ಎಂದಿತೇ ಹೊರತು ಹತ್ತಲಿಲ್ಲ. ಗ್ಯಾಸಿನ ವಾಸನೆ ಹಬ್ಬಿತು. ಅಪ್ಪಾರೇ ಹತ್ತಿರ ಬಂದು, "ಸಾವಕಾಶ ಅವ್ವಾ" ಎಂದು ಅವರ ಕೈಗೆ ತಮ್ಮ ಕೈ ಆನಿಸಿದರು. ಬುಸ್ ಎಂದು ನೀಲಿ ಬೆಂಕಿ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಆಟೋದಲ್ಲಿ ಅತ್ತೆ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತಿದ್ದರು.

ಮುಂದಿನ ಸೋಮವಾರ ಎಂದಿನಂತೆ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ನಾನೂ ಜೊತೆಗಿದ್ದೆ. ಅಡುಗೆಮನೆಯ ಹೆಣ್ಣುಮಗಳೊಬ್ಬಳು ನಗುತ್ತ ರೊಟ್ಟಿ ತೆಗೆದುಕೊಂಡು ಸ್ಟೀಲಿನ ಕಪಾಟಿನಲ್ಲಿಟ್ಟಳು. ಅನ್ನ, ಸಾರು, ಗೋದಿ ಹುಗ್ಗಿಯ ಪಂಕ್ತಿ ನಡೆದಿತ್ತು. ಅತ್ತೆ ಪಂಕ್ತಿಗೆ ಕೂಡಲಿಲ್ಲ. ಹಳೆಯ ಕಲ್ಲಿನ ಕೋಣೆಯ ಮುಂದೆ ಕೂತರು. ಜನ ಉಂಡು ಕೈತೊಳೆದು ಹೋದರು. ನೆಲ ಒರೆಸಿದರು. ಕಡೆಗೆ ಕಚೇರಿಯ ಗುಮಾಸ್ತ ಬಂದ.

"ಯಾಕ್ರಿ ಅಮ್ಮಾರ, ಉಣ್ಣಾಕ ಬರಲಿಲ್ಲ?"

"ಕಲಸೂದು ಯಾವಾಗ್ರಿ?"

"ಕಲಸೂದು ಈಗ ಬಿಟ್ಟೇವ್ರಿ. ಅಮಾಸಿಗೊಮ್ಮೆ ಪದ್ಧತಿ ಅಂತ ಒಂದೀಟ ಕಲಸ್ತೇವಿ. ಹುಗ್ಗಿ ಐತಲ್ಲ, ಚಲೋ ಆಗೇತಿ, ಉಣ್ರಿ."

ಅತ್ತೆ ಎದ್ದರು. ಅಂದು ಮನೆಯಲ್ಲೂ ಉಣ್ಣಲಿಲ್ಲ. ಸೂರ್ಯ ಮುಳುಗಿದ ಮೇಲೆ ನೀರು ಕುಡಿದು ಮಲಗಿದರು. ಮರು ಸೋಮವಾರವೂ ಅಷ್ಟೆ. ಅದರ ಮರು ಸೋಮವಾರವೂ.

ಅವರಿಗೆ ಸಕ್ಕರೆ ಕಾಯಿಲೆ. ಮುಂಜಾನೆ ಗುಳಿಗೆ ನುಂಗಿದ ಮೇಲೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಸೋಮವಾರ ಗುಳಿಗೆ ಬಿಡಿ ಎಂದು ನಾನು ಹೇಳಿದ್ದೆ. ಅವರು ಮರೆತು ನುಂಗಿಬಿಡುತ್ತಿದ್ದರು. ನನ್ನ ಗಂಡ ಮೊದಲು ಚೇಷ್ಟೆ ಮಾಡಿ ನೋಡಿದರು, ಆಮೇಲೆ ರೇಗಿದರು.

"ಅವ್ವಾ, ಮಠದ ಮ್ಯಾಲಿನ ಸಿಟ್ಟ ಹೊಟ್ಟಿ ಮ್ಯಾಲ ಯಾಕ?"

"ಸಿಟ್ಟ ಯಾರಿಗೋ? ಮಾತ ಕೊಟ್ಟೇನಿ, ಅಷ್ಟ."

"ಕೊಟ್ಟದ್ದು ಯಾರಿಗೆ? ಅವರು ಗದ್ದಿಗಿ ಆಗಿ ಎಷ್ಟ ವರ್ಷಾತು!"

"ಅವರು ಹೋದ್ರಂತ ನಾ ಕೊಟ್ಟ ಮಾತೂ ಹೋಗ್ತೈತೇನೋ?"

ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು.

ನಾನು ಓಣಿಯ ಆರೇಳು ಮನೆಗಳಿಂದ ರೊಟ್ಟಿ ಬೇಡಿ ತಂದು, ಮನೆಯಲ್ಲೇ ಮಜ್ಜಿಗೆ ಹಾಕಿ ಕಲಸಿ ಅವರ ಮುಂದಿಟ್ಟೆ. ಬೇಡುವುದು ನನಗೆ ಹೊಸದು. ಬಾಗಿಲಲ್ಲಿ ನಿಂತು ಏನೆಂದು ಕೂಗಬೇಕೋ ತಿಳಿಯದೆ ಬರೀ ಕದ ತಟ್ಟಿದ್ದೆ. ಅತ್ತೆ ಬಟ್ಟಲನ್ನು ಕೈಯಲ್ಲಿ ಹಿಡಿದರು. ಬಾಯಿಗೆ ಮಾತ್ರ ಇಡಲಿಲ್ಲ. "ನೀ ನನ್ನ ಸಲುವಾಗಿ ಕಲಸೀ ತಂಗಿ," ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. "ಒಬ್ಬಾಕಿ ಸಲುವಾಗಿ ಕಲಸಿದ್ದು ಕಲಸಿದ್ದಲ್ಲವಾ."

ಬೇಸಿಗೆಯ ಒಂದು ಸೋಮವಾರ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರು ಕುಸಿದು ಕೂತಿದ್ದನ್ನು ಕಂಡೆ. ಮೈಯೆಲ್ಲ ಬೆವರು, ಕುಪ್ಪಸದ ಬೆನ್ನು ಪೂರ್ತಿ ತೊಯ್ದಿತ್ತು. ಕಣ್ಣುಗಳು ನನ್ನನ್ನು ನೋಡುತ್ತಿದ್ದವು, ಗುರುತಿಸುತ್ತಿರಲಿಲ್ಲ. ಸಕ್ಕರೆ ತಂದು ಬಾಯಿಗೆ ಹಾಕಲು ಹೋದರೆ ಹಲ್ಲು ಕಚ್ಚಿಕೊಂಡರು. ಎಚ್ಚರವಿಲ್ಲದ ಆ ಹೊತ್ತಿನಲ್ಲೂ ಕಚ್ಚಿಕೊಂಡರು. ತುಟಿಯ ಮೇಲೆ ಸಕ್ಕರೆ ಅಂಟಿ, ಇರುವೆಗಳು ಬರತೊಡಗಿದ್ದವು. ಗಂಡನಿಗೆ ಫೋನ್ ಮಾಡಿ ದವಾಖಾನೆಗೆ ಒಯ್ದೆವು. ನರಕ್ಕೆ ಗ್ಲುಕೋಸ್ ಏರಿಸಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದರು.

"ಇನ್ನೊಮ್ಮೆ ಹಿಂಗಾದ್ರ ಕಷ್ಟ ಐತ್ರಿ. ಉಪವಾಸ ಬಿಡಸ್ರಿ, ಹ್ಯಾಂಗರ ಮಾಡಿ ಬಿಡಸ್ರಿ."

ಮರುದಿನ ಮಠಕ್ಕೆ ಹೋದೆ. ಅಪ್ಪಾರು ಎಲ್ಲವನ್ನೂ ಕೇಳಿದರು. ನಡುವೆ ಒಂದು ಸಲ, "ನನಗ ಯಾರೂ ಹೇಳಲಿಲ್ಲ" ಎಂದರು. ಅಂದೇ ಸಂಜೆ, ಜೊತೆಗೆ ಯಾರನ್ನೂ ಕರೆತರದೆ ನಮ್ಮ ಮನೆಗೆ ಬಂದರು. ಅತ್ತೆ ದವಾಖಾನೆಯಿಂದ ಬಂದು ಪಡಸಾಲೆಯಲ್ಲಿ ಮಲಗಿದ್ದರು. ಏಳಲು ಹೋದರು, ಅಪ್ಪಾರು ಬೇಡವೆಂದರು. ನೆಲದ ಮೇಲೆ, ಅವರ ಹಾಸಿಗೆಯ ಪಕ್ಕದಲ್ಲೇ ಕೂತರು. ಖುರ್ಚಿ ತಂದ ನನ್ನ ಗಂಡ ಅದನ್ನು ಹಿಡಿದುಕೊಂಡೇ ನಿಂತರು.

"ಅವ್ವಾ, ನನ್ನ ಮ್ಯಾಲ ಬ್ಯಾಸರ ಮಾಡಿಕೊಂಡ್ರೇನು?"

"ಅಯ್ಯ, ಹಂಗನಬ್ಯಾಡ್ರಿ ಅಪ್ಪಾರ."

"ಜೋಳಿಗಿ ಅರ್ಧ ತುಂಬಿ ಬರ್ತಿತ್ರಿ. ಅದರಾಗೂ ಅಂಗಡಿ ರೊಟ್ಟಿ. ಹುಡುಗ್ರು ನೀರು ಕುಡದು ಮಲಗೂದನ್ನ ನಾ ಕಣ್ಣಾರೆ ನೋಡೇನಿ."

"ಗೊತ್ರಿ. ನನ್ನ ನಾಲಿಗಿಗೂ ತಿಳೀತಿತ್ತು. ಊರಾಗ ಒಲಿ ಆರಿದ್ವು, ಅದಕ್ಕ ನೀವು ಮಠದಾಗ ಹೂಡಿದ್ರಿ. ನಿಮ್ಮದೇನ್ ತಪ್ಪೈತಿ?" ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. "ನನ್ನ ಕೈಲೆ ಹಚ್ಚಿಸಬಾರದಾಗಿತ್ರಿ. ಅಷ್ಟ."

ಅಪ್ಪಾರು ತಲೆ ತಗ್ಗಿಸಿದರು. ಅವರ ಕಾವಿಯ ಅಂಚಿನಲ್ಲಿ ಬಿಳಿ ದಾರದಿಂದ ಹೊಲಿದ ತೇಪೆಯೊಂದಿತ್ತು. 

"ಸೋಮವಾರಕ್ಕೊಮ್ಮೆ ನಾನ ಕಲಸಿ ತಂದು ಕೊಡ್ತೇನಿ," ಎಂದರು ಅವರು.

ಅತ್ತೆ ತಲೆ ಅಲ್ಲಾಡಿಸಿದರು. ಒಬ್ಬರ ಸಲುವಾಗಿ ಕಲಸಿದ್ದು ಕಲಸಿದ್ದಲ್ಲ ಎಂದು ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು.

"ಹಂಗಾದ್ರ ಏನ್ ಮಾಡ್ಲಿ ಅವ್ವಾ?"

"ಬಿಡಸ್ರಿ."

ಗುರುವಿನ ಮುಂದೆ ಹಿಡಿದ ವ್ರತವನ್ನು ಗುರುವೇ ಬಿಡಿಸಬೇಕು. ನಡುವೆ ತಾವಾಗಿಯೇ ಬಿಟ್ಟವರು ಮಠವನ್ನೇ ಬಿಟ್ಟಂತೆ ಎಂಬುದು ಮಠದವರ ನಂಬಿಕೆ. ಅಪ್ಪಾರ ಮುಖ ಸಣ್ಣದಾಯಿತು. "ಹಿರಿ ಅಜ್ಜಾರ ಮುಂದ ಹಿಡದದ್ದನ್ನ ನಾ ಬಿಡಸ್ಲೇನು? ನನಗ ಅಷ್ಟ ಯೋಗ್ಯತಾ ಐತೇನು?"

"ಅವರ ಗಾದಿ ಮ್ಯಾಲ ಕುಂತವ್ರು ನೀವ ಅಲ್ರಿ? ನೀವೂ ಒಲ್ಲೆ ಅಂದ್ರ ನಾ ಯಾರ ಕಡೆ ಹೋಗ್ಲಿ?"

ನಾನು ತಂಬಿಗೆಯಲ್ಲಿ ನೀರು ತಂದೆ. ಅಪ್ಪಾರು ಅತ್ತೆಯ ಅಂಗೈಗೆ ನೀರು ಬಿಟ್ಟು, ಬಾಯಲ್ಲಿ ಏನೋ ಅಂದುಕೊಂಡು, ಕಡೆಗೆ ಕೇಳಿಸುವಂತೆ "ಬಿಟ್ಟಿತು ಅವ್ವಾ" ಎಂದರು. ನೀರು ಹಾಸಿಗೆಯ ಮೇಲೂ ಚೆಲ್ಲಿತು. ಮಠದ ಅಡುಗೆಮನೆಯಿಂದ ತಂದಿದ್ದ ಡಬ್ಬಿಯನ್ನು ತೆರೆದರು. ಅನ್ನ, ಬೇಳೆಸಾರು. ಅವರೇ ಕಲಸಿ ಒಂದು ತುತ್ತು ಕೊಟ್ಟರು. ಅತ್ತೆ ಬಾಯಿ ತೆರೆದು ತೆಗೆದುಕೊಂಡರು. ನನ್ನ ಗಂಡ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಗಂಡಾಂತರ ದಾಟಿತೆಂದು ನಾವು ಸಮಾಧಾನಪಟ್ಟೆವು. ಅಪ್ಪಾರು ಮಾತ್ರ ಹೋಗುವಾಗ ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

ಈಗ ಅತ್ತೆಯ ಸಕ್ಕರೆ ಹತೋಟಿಯಲ್ಲಿದೆ. ತೋರಿಸಲು ಹೋದಾಗಲೆಲ್ಲ ಡಾಕ್ಟರು ಶಾಬಾಸ್ ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಕೊಟ್ಟದ್ದನ್ನು ಬೇಡ ಎನ್ನುವುದಿಲ್ಲ. ಆದರೆ ರೊಟ್ಟಿ ಬಡಿಯುವುದನ್ನು ಬಿಟ್ಟುಬಿಟ್ಟರು. ಕೈ ನಿಂತ ಮೇಲೆ ಮಾತೂ ಕಡಿಮೆಯಾಯಿತು. ಮಠಕ್ಕೆ ಕರೆದರೆ, "ನೀವು ಹೋಗಿ ಬರ್ರಿ" ಎನ್ನುತ್ತಾರೆ. ಮೊದಲು ಅವರ ವಾರವೆಲ್ಲ ಸೋಮವಾರದ ಸುತ್ತ ತಿರುಗುತ್ತಿತ್ತು. ಶನಿವಾರ ಜೋಳ ಹಸನು ಮಾಡುವುದು, ಭಾನುವಾರ ಗಿರಣಿಗೆ ಕಳಿಸುವುದು, ಬಟ್ಟೆ ಒಗೆದು ಒಣಹಾಕುವುದು. ಈಗ ಬಾಗಿಲ ಬಳಿ ಕೂತು ಓಣಿ ನೋಡುತ್ತಾರೆ. ಕೆಲವು ಸಲ ಸುಮ್ಮನೆ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ.

ಮೊನ್ನೆ ಮುಂಜಾನೆ ಉಪ್ಪಿಟ್ಟು ಹಾಕಿಕೊಟ್ಟಿದ್ದೆ. ಅರ್ಧ ತಿಂದವರು ತಲೆ ಎತ್ತಿ ಕೇಳಿದರು. "ಇವತ್ತ ಯಾವ ವಾರ ತಂಗಿ?"

ಹೇಳಲೋ ಬೇಡವೋ ಎಂದು ಅನುಮಾನಿಸಿದೆ. "ಸೋಮವಾರ್ರಿ ಅತ್ತಿ."

"ಹೌದೇನು," ಎಂದರು. ತಟ್ಟೆಯ ಅಂಚಿಗೆ ಅಂಟಿದ್ದ ನಾಲ್ಕು ಕಾಳು ರವೆಯನ್ನು ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡರು.